‘ಕಂಪ್ಯೂಟರೇ ಬಿಡಿಸುತ್ತೆ ಅಲ್ವಾ?’ – ಡಿಜಿಟಲ್ ಚಿತ್ರದ ಕೆಲಸ, ಕೂಲಿ, ನಮ್ಮದೇ ಚಿತ್ರ

ಗೆರೆಬಳ್ಳಿ (ಸಾಗರ)

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಡಿಜಿಟಲ್ ಚಿತ್ರ ಬಿಡಿಸಿಯೇ ಜೀವನ ನಡೆಸುತ್ತಿದ್ದೇನೆ. ಮಕ್ಕಳ ಪುಸ್ತಕ, ಕಥಾಸಂಕಲನದ ಮುಖಪುಟ, ಮದುವೆ ಕರೆಯೋಲೆ, ಜೇನುತುಪ್ಪದ ಬಾಟಲಿಯ ಲೇಬಲ್. ಯಾವ ಕೆಲಸವನ್ನೂ ಚಿಕ್ಕದು ಅಂತ ಬಿಟ್ಟಿಲ್ಲ. ಇವತ್ತು ಒಂದು ಮಾತು ಮನಸ್ಸಿಗೆ ಚುಚ್ಚಿದೆ. ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿತು.

ಹೋದ ತಿಂಗಳು ಒಂದು ಪುಸ್ತಕಕ್ಕೆ ಮುಖಪುಟ ಮಾಡಿದೆ. ಹಳೇ ಮನೆಯ ಜಗಲಿ, ಕಂಬಕ್ಕೆ ಒರಗಿ ಕೂತ ಹೆಂಗಸು, ಕೆಂಪು ಸೀರೆ, ಸಂಜೆ ಬಿಸಿಲು. ರಫ್ ತೋರಿಸಿದೆ, ಒಪ್ಪಿದರು. ಬಣ್ಣ ತುಂಬಿ ಕಳಿಸಿದ ಮೇಲೆ ಸೀರೆ ಹಸಿರಾಗಲಿ ಅಂದರು. ಆಮೇಲೆ ಹೆಂಗಸು ನಿಂತಿರಲಿ ಅಂದರು. ಆಮೇಲೆ ಸಂಜೆ ಬೇಡ, ಬೆಳಗಿನ ಹೊತ್ತು ಇರಲಿ ಅಂದರು. ಹೀಗೆ ಹನ್ನೊಂದು ಸಲ. ಕೊನೆಗೆ ಬಾಕಿ ದುಡ್ಡು ಕೇಳಿದರೆ ಬಂದ ಉತ್ತರ ಇದು: "ಮೇಡಂ, ಕಂಪ್ಯೂಟರೇ ಬಿಡಿಸುತ್ತೆ ಅಲ್ವಾ? ಬಣ್ಣ ಬದಲಾಯಿಸೋಕೆ ಒಂದು ಕ್ಲಿಕ್ ಸಾಕು." ಅರ್ಧ ದುಡ್ಡು ಇನ್ನೂ ಬಂದಿಲ್ಲ.

ಸೀರೆ ಕೆಂಪಿದ್ದಾಗ ಆ ಕೆಂಪು ಪಕ್ಕದ ಸುಣ್ಣದ ಗೋಡೆಯ ಮೇಲೆ ತುಸು ಬಿದ್ದಿರುತ್ತದೆ. ಗದ್ದದ ಕೆಳಗೆ, ಮೊಣಕೈ ಒಳಮಗ್ಗುಲಿನಲ್ಲಿ, ಕಾವಿ ನೆಲದ ಹೊಳಪಿನಲ್ಲಿ, ಎಲ್ಲಾ ಕಡೆ ಅದರ ಛಾಯೆ ಇರುತ್ತದೆ. ಸೀರೆ ಹಸಿರಾದರೆ ಅದಷ್ಟನ್ನೂ ಮತ್ತೆ ಬಿಡಿಸಬೇಕು. ಇಲ್ಲದಿದ್ದರೆ ಹೆಂಗಸನ್ನು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಸಂಜೆ ಹೋಗಿ ಬೆಳಗಾದರೆ ಕಂಬದ ನೆರಳು ಆ ಬದಿಯಿಂದ ಈ ಬದಿಗೆ ಬರಬೇಕು. ಆ ಫೈಲಿನಲ್ಲಿ 41 ಲೇಯರ್ ಇದೆ, ಅಂದರೆ ಒಂದರ ಮೇಲೊಂದು ಇಟ್ಟು ಬಿಡಿಸಿದ 41 ಪದರ. ತಿದ್ದುಪಡಿ ಸೇರಿ 34 ಗಂಟೆ ಕೂತಿದ್ದೇನೆ. ಹೊತ್ತು ಬರೆದಿಟ್ಟುಕೊಳ್ಳುವ ಅಭ್ಯಾಸ ಇದೆ, ಅದಕ್ಕೇ ಗೊತ್ತು.

ನನ್ನ ದಿನ ಹೀಗಿರುತ್ತದೆ. ಬೆಳಗ್ಗೆ ಒಂಬತ್ತರಿಂದ ಊಟದ ತನಕ ದೊಡ್ಡ ಕೆಲಸ. ಈಗ 24 ಪುಟದ ಮಕ್ಕಳ ಪುಸ್ತಕ ನಡೆಯುತ್ತಿದೆ. ಮಧ್ಯಾಹ್ನ ತಿದ್ದುಪಡಿ, ಬಿಲ್ಲು, ಫೋನು. ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಕೆಲಸ. ಐದು ನಿಮಿಷಕ್ಕೊಮ್ಮೆ ತಾನಾಗಿ ಸೇವ್ ಆಗೋ ಹಾಗೆ ಇಟ್ಟಿದ್ದೇನೆ. ರಾತ್ರಿ ಮಗಳು ಮಲಗಿದ ಮೇಲೆ ಒಂದೂವರೆ ಗಂಟೆ ನನ್ನದು. ಆಗ ಯಾರೂ ಕೇಳದ ಚಿತ್ರ ಬಿಡಿಸುತ್ತೇನೆ. ಆದರೆ ತಿದ್ದುಪಡಿ ಜಾಸ್ತಿಯಾದ ತಿಂಗಳು ಮೊದಲು ಹೋಗೋದು ಆ ಒಂದೂವರೆ ಗಂಟೆಯೇ. ಹೋದ ತಿಂಗಳು ನನ್ನದು ಅಂತ ಒಂದು ಗೆರೆಯನ್ನೂ ಎಳೆದಿಲ್ಲ. ದುಡ್ಡಿಗಿಂತ ಅದೇ ಜಾಸ್ತಿ ನೋವು.

ಈ ಕೆಲಸ ಕೈಯಿಂದಲೇ ಆಗೋದು ಅಂತ ಜನರಿಗೆ ಹೇಗೆ ತಿಳಿಸುತ್ತೀರಿ? ನಿಮ್ಮ ಹೊತ್ತನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ? ದಯವಿಟ್ಟು ಹೇಳಿ.

ಬಳಪ_22

ಓದಿ ಹೊಟ್ಟೆ ಉರಿಯಿತು ಅಕ್ಕ. 41 ಲೇಯರ್‌ನ ಒಂದು ಸ್ಕ್ರೀನ್‌ಶಾಟ್ ಅವರಿಗೇ ಕಳಿಸಿ.

ಅಚ್ಚುಮೊಳೆ (ಗದಗ)

ಗೆರೆಬಳ್ಳಿ ಅವರೇ, ನಾನು ಪ್ರೆಸ್ಸಿನ ಕಡೆಯವನು. ಗದಗ ಮುದ್ರಣಕ್ಕೆ ಹೆಸರಾದ ಊರು, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ಕೆಲಸ. ನಿಮ್ಮಂಥವರ ಫೈಲ್ ದಿನಾ ನನ್ನ ಕೈಗೆ ಬರುತ್ತದೆ. ಚಿತ್ರ ಕೆಟ್ಟರೆ ಬೈಸಿಕೊಳ್ಳೋದು ನಿಮ್ಮಂಥವರೇ, ತಪ್ಪು ಬೇರೆ ಕಡೆ ಇದ್ದರೂ. ಆ ಬೈಗುಳ ತಪ್ಪಿದರೆ ನಿಮ್ಮ ಎಷ್ಟೋ ಗಂಟೆ ಉಳಿಯುತ್ತದೆ. ಅದಕ್ಕೇ ಎರಡು ಮಾತು.

ಸ್ಕ್ರೀನಿನ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು. ನವಿಲಿನ ನೀಲಿ, ಭತ್ತದ ಸಸಿಯ ಹಸಿರು ಸ್ಕ್ರೀನಿನ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲಿ ಮಿಂಚುತ್ತವೆ. ಅಚ್ಚಿನ ನಾಲ್ಕು ಶಾಯಿಯ ಲೆಕ್ಕವಾದ ಸಿಎಮ್‌ವೈಕೆಗೆ ಬಂದಾಗ ಮಂಕಾಗುತ್ತವೆ. ಹಾಗಾಗಿ ಶುರುವಿನಲ್ಲೇ ಪ್ರೆಸ್ಸಿನವರ ಹತ್ತಿರ ಅವರ ಕಲರ್ ಪ್ರೊಫೈಲ್ (ಅವರ ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಅನ್ನೋ ಫೈಲ್) ಕೇಳಿ. ಕ್ರಿಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಿನಲ್ಲಿ ಸಾಫ್ಟ್ ಪ್ರೂಫಿಂಗ್ ಇದೆ, ಅಚ್ಚಿನಲ್ಲಿ ಹೇಗೆ ಬರಬಹುದು ಅಂತ ಬಿಡಿಸುವಾಗಲೇ ಕಾಣುತ್ತದೆ. ಪುಸ್ತಕ ಒಪ್ಪಿಸೋ ಹಿಂದಿನ ದಿನ ಬಣ್ಣ ತಿದ್ದೋ ಕಷ್ಟ ತಪ್ಪುತ್ತದೆ.

ಇನ್ನೊಂದು, ಕಪ್ಪು ಗೆರೆ. ಸಣ್ಣ ಗೆರೆಗೆ ನಾಲ್ಕೂ ಬಣ್ಣ ಬೆರೆತ ಕಪ್ಪು ಬಂದರೆ, ಪ್ಲೇಟು ಕೂದಲೆಳೆ ಸರಿದರೂ ಗೆರೆಯ ಪಕ್ಕ ಕೆಂಪು, ನೀಲಿ ಇಣುಕುತ್ತದೆ. ಮಗುವಿನ ಮುಖದ ಗೆರೆಗೆ ಹಾಗಾದರೆ ಮುಖವೇ ಹೋಯಿತು. ಗೆರೆ ಬರೀ ಕಪ್ಪು ಶಾಯಿಯಲ್ಲಿರಲಿ. ಡೆಮಿ 1/8 ಪುಸ್ತಕ ಅಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 1650 ಮತ್ತು 2550 ಪಿಕ್ಸೆಲ್. ಸುತ್ತಲೂ 3 ಮಿಲಿಮೀಟರ್ ಜಾಸ್ತಿ ಬಿಡಿ, ಕಟಿಂಗ್‌ನಲ್ಲಿ ಹೋಗುತ್ತದೆ.

ಕನ್ನಡ ಅಕ್ಷರದ ಗೋಳು ನಿಮಗೆ ಗೊತ್ತೇ ಇದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಒಂದು ಕಡೆ, ಎಲ್ಲಾ ಕಡೆ ಓದಲು ಬರುವ ಯೂನಿಕೋಡ್ ಇನ್ನೊಂದು ಕಡೆ. ಫೋಟೋಶಾಪಿನಲ್ಲಿ ಟೈಪ್ ಸೆಟ್ಟಿಂಗ್ ಭಾರತೀಯ ಭಾಷೆಗೆ ಬದಲಿಸದಿದ್ದರೆ ‘ರಾಷ್ಟ್ರ’ ಅನ್ನೋ ಪದದ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಪುಸ್ತಕದ ಹೆಸರನ್ನು ಔಟ್‌ಲೈನ್ ಮಾಡಿ (ಅಕ್ಷರವನ್ನು ಆಕಾರವಾಗಿ ಬದಲಿಸಿ) ಕಳಿಸಿ. ಮಾಡಿದ ಮೇಲೆ ಒಂದೊಂದು ಒತ್ತಿನ ಮೇಲೂ ಬೆರಳಿಟ್ಟು ಓದಿ. ಬಾಲೂ ತಮ್ಮ, ಗುಬ್ಬಿ, ನವಿಲು, ಇವೆಲ್ಲ ಉಚಿತವಾಗಿ ಸಿಗೋ ಒಳ್ಳೆಯ ಯೂನಿಕೋಡ್ ಅಕ್ಷರಗಳು.

ಕರಾರುಪತ್ರ (ಮೈಸೂರು)

ನಾನು ವಕೀಲೆ. ಚಿತ್ರ ಬಿಡಿಸೋಕೆ ಬರುವುದಿಲ್ಲ. ಆದರೆ ಕಲಾವಿದರ ಬಾಕಿ ದುಡ್ಡಿನ ಗೋಳು ತುಂಬಾ ಕೇಳಿದ್ದೇನೆ. ಗೆರೆಬಳ್ಳಿ, ನಿಮ್ಮ ಹತ್ತಿರ ಬರಹದಲ್ಲಿ ಏನಿತ್ತು? ಬರೀ ವಾಟ್ಸಾಪ್ ಮಾತಾ?

ಗೆರೆಬಳ್ಳಿ (ಸಾಗರ)

ಹೌದು ಮೇಡಂ. "ಓಕೆ, ಶುರು ಮಾಡಿ" ಅಂತ ಇದೆ. ಅಡ್ವಾನ್ಸ್ ಬಂದಿದ್ದಕ್ಕೆ ಬ್ಯಾಂಕಿನ ದಾಖಲೆ ಇದೆ. ತಿದ್ದುಪಡಿ ಎಷ್ಟು ಸಲ ಅಂತ ಎಲ್ಲೂ ಬರೆದಿಲ್ಲ.

ಕರಾರುಪತ್ರ (ಮೈಸೂರು)

ಆ ಮೆಸೇಜುಗಳನ್ನು ಅಳಿಸಬೇಡಿ, ಅವು ಕೆಲಸಕ್ಕೆ ಬರುತ್ತವೆ.

ಕೃತಿಸ್ವಾಮ್ಯದ ಕಾಯ್ದೆ 1957ರದ್ದು. ಚಿತ್ರ ಬಿಡಿಸಿದವರೇ ಮೊದಲ ಹಕ್ಕುದಾರರು ಅನ್ನೋದು ಸಾಮಾನ್ಯ ನಿಯಮ. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ತಿರುವು ಇದೆ. ಒಬ್ಬರು ಹೇಳಿ, ದುಡ್ಡು ಕೊಟ್ಟು ಬರೆಸಿಕೊಂಡ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರೇ ಮೊದಲ ಹಕ್ಕುದಾರರು. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಅನ್ನೋದನ್ನು ದಯವಿಟ್ಟು ಎರಡು ಸಲ ಓದಿ. ಕೆಲಸ ಶುರುವಾಗೋ ಮೊದಲು ಒಂದು ಮೇಲ್‌ನಲ್ಲಿ ನಾಲ್ಕು ಸಾಲು ಬರೆದು, ಅವರಿಂದ ಒಪ್ಪಿಗೆ ತರಿಸಿಕೊಂಡರೆ ನಿಮ್ಮ ನೆಲೆ ಪೂರ್ತಿ ಬದಲಾಗುತ್ತದೆ. ಆ ಸಾಲು ಹೀಗಿರಲಿ: ಚಿತ್ರದ ಹಕ್ಕು ನನ್ನದು, ಈ ಪುಸ್ತಕದ ಮುಖಪುಟಕ್ಕೆ ಮಾತ್ರ ಬಳಸಬಹುದು. ರಫ್‌ನಲ್ಲಿ ಎರಡು ಸಲ ತಿದ್ದಿಕೊಡುತ್ತೇನೆ, ಬಣ್ಣ ತುಂಬಿದ ಮೇಲೆ ಒಂದು ಸಲ. ಅದಕ್ಕಿಂತ ಜಾಸ್ತಿಯಾದರೆ ಗಂಟೆಗೆ ಇಷ್ಟು. ಬಾಕಿ ಬಂದ ಮೇಲೆ ಅಚ್ಚಿಗೆ ಬೇಕಾದ ದೊಡ್ಡ ಫೈಲ್.

ಹಕ್ಕು ಬರೆದುಕೊಡುವುದಾದರೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು ಅನ್ನುತ್ತದೆ 19ನೇ ಸೆಕ್ಷನ್. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಅರ್ಥ. ಹಕ್ಕು ಮಾರಿದ ಮೇಲೂ ಈ ಚಿತ್ರ ನನ್ನದು ಅಂತ ಹೇಳಿಕೊಳ್ಳುವುದನ್ನು 57ನೇ ಸೆಕ್ಷನ್ ನಿಮಗೇ ಉಳಿಸುತ್ತದೆ. ಒಳಪುಟದಲ್ಲಿ ‘ಮುಖಪುಟ ಚಿತ್ರ’ ಅಂತ ಹೆಸರು ಹಾಕಿ ಅನ್ನುವುದಕ್ಕೆ ಸಂಕೋಚ ಬೇಡ.

ಬಾಕಿಗೆ ಇನ್ನೊಂದು ದಾರಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು) ಉಚಿತ, ಮನೆಯಲ್ಲೇ ಕೂತು ಮಾಡಬಹುದು. ಸಣ್ಣ ಉದ್ಯಮದವರಿಗೆ 45 ದಿನ ಮೀರಿ ದುಡ್ಡು ಬಾಕಿ ಉಳಿಸಿಕೊಳ್ಳೋ ಹಾಗಿಲ್ಲ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಮೀರಿದರೆ ಬಡ್ಡಿ ಕೇಳಬಹುದು, ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮುಂದಿನ ಕೆಲಸ ಹಿಡಿಯುವ ಮೊದಲೇ ನೋಂದಣಿ ಮಾಡಿಸಿಕೊಳ್ಳಿ.

ಸಣ್ಣಪ್ರಕಾಶಕ

ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಒಂದು ಪುಸ್ತಕ 500 ಪ್ರತಿ ಹಾಕುತ್ತೇವೆ. ಅದು ಖಾಲಿಯಾಗಲು ಎರಡು ವರ್ಷ ಬೇಕು. ಮುಖಪುಟಕ್ಕೆ ಜಾಸ್ತಿ ಕೊಡಲು ಮನಸ್ಸಿದ್ದರೂ ಕೈ ಬರುವುದಿಲ್ಲ. ಹೋದ ವರ್ಷ ಒಂದು ಪುಸ್ತಕಕ್ಕೆ ಎಐ ಚಿತ್ರ ಹಾಕಲು ನೋಡಿದೆ. ತುಳುನಾಡಿನ ಭೂತಕೋಲದ ಚಿತ್ರ ಕೇಳಿದರೆ ಮುಖವರ್ಣಿಕೆ ಯಾವುದೋ ದೇಶದ್ದು, ಬೆನ್ನಿನ ಹಿಂದೆ ಕಟ್ಟುವ ಅಣಿ ಯಾವುದೋ ರಾಜನ ಕಿರೀಟ. ಓದುಗರು ಕಂಡುಹಿಡಿದರೆ ಲೇಖಕರ ಮಾನ ಹೋಗುತ್ತದೆ ಅಂತ ಕೈಬಿಟ್ಟೆ. ಕಡಿಮೆ ದುಡ್ಡಿನಲ್ಲಿ, ಕಲಾವಿದರಿಗೂ ಅನ್ಯಾಯ ಆಗದ ಹಾಗೆ ಹೇಗೆ ಮಾಡೋದು ಹೇಳಿ. ನಿಜವಾಗಿ ಕೇಳುತ್ತಿದ್ದೇನೆ.

ಗೆರೆಬಳ್ಳಿ (ಸಾಗರ)

ಸರ್, ಹೀಗೆ ಬಿಚ್ಚಿ ಕೇಳಿದ್ದಕ್ಕೆ ಬೇಜಾರಿಲ್ಲ, ಖುಷಿಯೇ ಆಯಿತು. ದುಡ್ಡು ಕಡಿಮೆ ಇದೆ ಅಂತ ಮೊದಲೇ ಹೇಳಿದರೆ ನಾವು ಚಿತ್ರವನ್ನೇ ಹಾಗೆ ಯೋಚಿಸುತ್ತೇವೆ. ಎರಡೇ ಬಣ್ಣದ ಗೆರೆಚಿತ್ರ ಒಂದೇ ದಿನದ ಕೆಲಸ, ಅಚ್ಚಿನ ಖರ್ಚೂ ಉಳಿಯಬಹುದು. ಇಲ್ಲದಿದ್ದರೆ ನಾನು ನನಗಾಗಿ ಬಿಡಿಸಿಟ್ಟ ಚಿತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ಒಂದು ಮುದ್ರಣಕ್ಕೆ ಮಾತ್ರ ಬಳಕೆಯ ಹಕ್ಕು ಕೊಡುತ್ತೇನೆ, ಹೊಸ ಚಿತ್ರದ ಕಾಲುಭಾಗ ದುಡ್ಡು ಸಾಕು. ನನ್ನ ರಾತ್ರಿಯ ಚಿತ್ರ ಒಂದು ಪುಸ್ತಕದ ಮೇಲೆ ಕೂತರೆ ನನಗೆ ಹಬ್ಬ. ಕಷ್ಟ ಆಗೋದು ದುಡ್ಡು ಕಡಿಮೆ, ತಿದ್ದುಪಡಿ ಹನ್ನೊಂದು ಅಂದಾಗ.

ಸಣ್ಣಪ್ರಕಾಶಕ

ಈ ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ನಿಮಗೆ ಬೇರೆಯಾಗಿ ಮೆಸೇಜ್ ಮಾಡುತ್ತೇನೆ.

ಇರುಳ್‌ಕೆಲಸ (ಬೆಂಗಳೂರು)

ನಾನು ಗೇಮ್ ಸ್ಟುಡಿಯೋದಲ್ಲಿ ಸಂಬಳದ ಕಲಾವಿದ. ಹೊರಗಿನವರು ಕತ್ತಿ ಹಿಡಿದ ವೀರರನ್ನು ಬಿಡಿಸುತ್ತಾನೆ ಅಂದುಕೊಳ್ಳುತ್ತಾರೆ. ಹೋದ ಮೂರು ತಿಂಗಳು ನಾನು ಬಿಡಿಸಿದ್ದು ಮರದ ಪೆಟ್ಟಿಗೆ, ಲಾಟೀನು, ಬಾವಿಕಟ್ಟೆ. ಒಂದೊಂದನ್ನೂ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬಿಡಿಸಬೇಕು. ಮುಂದೆ ಅದನ್ನು ಮೂರು ಆಯಾಮದಲ್ಲಿ ಕಟ್ಟುವವರಿಗೆ ಒಂದು ಮೊಳೆ ಎಲ್ಲಿದೆ ಅನ್ನೋದೂ ಗೊತ್ತಾಗಬೇಕು. ಆ ಕೆಲಸ ನನಗೆ ಇಷ್ಟ. ಒಂದು ಲಾಟೀನಿನ ಹಿಡಿ ಯಾವ ಕಡೆ ಸವೆದಿದೆ ಅಂತ ಯೋಚಿಸಿದರೆ ಅದನ್ನು ಹಿಡಿದವನು ಎಡಗೈಯವನೋ ಬಲಗೈಯವನೋ ತಿಳಿಯುತ್ತದೆ. ಆದರೆ ಅದೆಲ್ಲ ಕಂಪನಿಯದು. ಗೇಮ್ ಹೊರಬರುವ ತನಕ ಯಾರಿಗೂ ತೋರಿಸೋ ಹಾಗಿಲ್ಲ. ನಾಲ್ಕು ವರ್ಷ ಕೆಲಸ ಮಾಡಿದ್ದೇನೆ, ತೋರಿಸಲು ಕೈಯಲ್ಲಿ ಎಂಟು ಚಿತ್ರ ಇದೆ. ಅದಕ್ಕೇ ಭಾನುವಾರ ಬೆಳಗ್ಗೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂವಿನವರನ್ನು ಬಿಡಿಸುತ್ತೇನೆ. ಟ್ಯಾಬ್ಲೆಟ್ ಬೇಡ, ಒಂದು ಪುಸ್ತಕ, ಒಂದು ಪೆನ್ನು. ಸೇವಂತಿಗೆ ರಾಶಿಯ ಹಿಂದೆ ಕೂತವರ ಮುಖಕ್ಕೆ ಕೆಳಗಿನಿಂದ ಹಳದಿ ಬೆಳಕು ಬೀಳುತ್ತದೆ. ನೋಡದೆ ಬಿಡಿಸೋಕೆ ಬರೋದಿಲ್ಲ ಅದು.

ಎಐ ಮಾತು ಬಂತಲ್ಲ. 2022ರ ಆಗಸ್ಟ್‌ನಲ್ಲಿ ಬರೆದು ಹೇಳಿದರೆ ಚಿತ್ರ ಮಾಡಿಕೊಡೋ ಸ್ಟೇಬಲ್ ಡಿಫ್ಯೂಷನ್ ಎಲ್ಲರ ಕೈಗೂ ಬಂತು. ಅದಕ್ಕೆ ಕಲಿಸಲು ಬಳಸಿದ್ದು ಲಯಾನ್ ಅನ್ನೋ ಗುಂಪಿನ ಚಿತ್ರಸಂಗ್ರಹಗಳನ್ನು. ಅವರ ಅತಿ ದೊಡ್ಡ ಸಂಗ್ರಹದಲ್ಲೇ ಸುಮಾರು 585 ಕೋಟಿ ಚಿತ್ರಗಳ ಕೊಂಡಿ ಇದೆ. ಬಿಡಿಸಿದವರನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಚಿತ್ರಗಳನ್ನು ತೋರಿಸುವ ಆರ್ಟ್‌ಸ್ಟೇಷನ್ ಜಾಲತಾಣದ ತುಂಬಾ ಕಲಾವಿದರು ‘ಎಐ ಬೇಡ’ ಅನ್ನೋ ಚಿತ್ರ ಹಾಕಿ ಪ್ರತಿಭಟಿಸಿದರು, ನಾನೂ ಹಾಕಿದ್ದೆ. ಈಗ ಚಿತ್ರ ಹಾಕುವ ಮೊದಲು ಗ್ಲೇಜ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಹಾಯಿಸುತ್ತೇನೆ. ಶಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಹೊರತಂದದ್ದು. ನಮ್ಮ ಶೈಲಿಯನ್ನು ಯಂತ್ರ ಕದಿಯದ ಹಾಗೆ ಕಣ್ಣಿಗೆ ಅಷ್ಟಾಗಿ ಕಾಣದ ಬದಲಾವಣೆ ಮಾಡುತ್ತದೆ. ಪೂರ್ತಿ ರಕ್ಷೆ ಅಲ್ಲ, ಆದರೆ ಬಾಗಿಲಿಗೆ ಚಿಲಕವಾದರೂ ಇರಲಿ.

ಇತ್ತೀಚೆಗೆ "ಎಐ ಚಿತ್ರ ಇದೆ, ಸ್ವಲ್ಪ ಸರಿ ಮಾಡಿಕೊಡಿ" ಅಂತ ಹೊರಗಿನ ಕೆಲಸ ಬರುತ್ತಿದೆ. ಒಂದು ಸಲ ಒಪ್ಪಿಕೊಂಡೆ. ಬೆರಳು ಸರಿ ಮಾಡಿದರೆ ಬಳೆ ತಪ್ಪು, ಬಳೆ ಸರಿ ಮಾಡಿದರೆ ನೆರಳು ತಪ್ಪು. ಮೊದಲಿನಿಂದ ಬಿಡಿಸಿದ್ದರೆ ಬೇಗ ಮುಗಿಯುತ್ತಿತ್ತು. ಇನ್ನು ಒಪ್ಪುವುದಿಲ್ಲ.

ಬಳಪ_22

ನಾನು ದಾವಣಗೆರೆಯಲ್ಲಿ ದೃಶ್ಯಕಲೆ ಓದುತ್ತಿದ್ದೇನೆ. ಎರಡನೇ ವರ್ಷ. ಪರದೆ ಇರೋ ಟ್ಯಾಬ್ಲೆಟ್ ತಗೊಳ್ಳೋಕೆ ಅಪ್ಪನ ಹತ್ತಿರ ದುಡ್ಡಿಲ್ಲ. ಪರದೆ ಇಲ್ಲದ, ಕಂಪ್ಯೂಟರಿಗೆ ಜೋಡಿಸಿ ಬಿಡಿಸೋ ಟ್ಯಾಬ್ಲೆಟ್‌ನಲ್ಲಿ ಕಲಿಯೋಕೆ ಆಗುತ್ತಾ? ಇಷ್ಟೆಲ್ಲ ಓದಿ ಸ್ವಲ್ಪ ಭಯವೂ ಆಗ್ತಿದೆ.

ಇರುಳ್‌ಕೆಲಸ (ಬೆಂಗಳೂರು)

ಖಂಡಿತ ಆಗುತ್ತದೆ ತಮ್ಮ. ನಾನು ಆರು ವರ್ಷ ಪರದೆ ಇಲ್ಲದ್ದರಲ್ಲೇ ಬಿಡಿಸಿದ್ದು. ಕಣ್ಣು ಮಾನಿಟರ್ ಮೇಲೆ, ಕೈ ಮೇಜಿನ ಮೇಲೆ. ಮೊದಲ ಎರಡು ವಾರ ಗೆರೆ ಎಲ್ಲೆಲ್ಲೋ ಹೋಗುತ್ತದೆ, ಆಮೇಲೆ ಕೈ ಹಿಡಿಯುತ್ತದೆ. ಬೆನ್ನೂ ಬಾಗುವುದಿಲ್ಲ. ಪೆಟ್ಟಿಗೆಯ ಮೇಲೆ 4096, 8192 ಅಂತ ಪೆನ್ನಿನ ಒತ್ತಡದ ಮಟ್ಟ ಬರೆದಿರುತ್ತಾರೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡ, ಕೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಟ್ಯಾಬ್ಲೆಟ್‌ನ ಅಗಲ ನೋಡು, ಪೆನ್ನಿನ ಮೊನೆ ಬೇರೆಯಾಗಿ ಸಿಗುತ್ತಾ ಕೇಳು. ಕ್ರಿಟಾ, ಮೂರು ಆಯಾಮದ ಕೆಲಸಕ್ಕಿರೋ ಬ್ಲೆಂಡರ್ ಎರಡೂ ಉಚಿತ. ಕದ್ದ ಸಾಫ್ಟ್‌ವೇರ್ ಮುಟ್ಟಬೇಡ, ನಮ್ಮ ಚಿತ್ರ ಕದಿಯಬೇಡಿ ಅನ್ನೋಕೆ ನಮಗೆ ಬಾಯಿ ಇರಬೇಕಲ್ಲ. ಭಯದ ವಿಷಯ ಏನು ಹೇಳಲಿ, ಕೆಲಸ ಕಷ್ಟ ಇದೆ ಅನ್ನೋದು ನಿಜ. ಕಾಲೇಜಿನಲ್ಲಿ ಮನುಷ್ಯರನ್ನು ಎದುರಿಗೆ ಕೂರಿಸಿ ಬಿಡಿಸುವ ತರಗತಿ ಇದ್ದರೆ ಒಂದನ್ನೂ ತಪ್ಪಿಸಬೇಡ.

ಅಕ್ಷರದಂಗಡಿ (ಹುಬ್ಬಳ್ಳಿ)

ತಂಗಿ ಗೆರೆಬಳ್ಳಿ, ನಿನ್ನ ತಲೆಬರಹ ನೋಡಿ ಬರೆಯಲೇಬೇಕು ಅನ್ನಿಸಿತು. ನನಗೀಗ ಅರವತ್ತೊಂದು. ಹುಬ್ಬಳ್ಳಿಯಲ್ಲಿ ಬೋರ್ಡ್ ಬರೆಯುತ್ತಿದ್ದೆ. ಅಂಗಡಿ, ಲಾರಿ, ಗೋಡೆ, ಸಿನಿಮಾ ಬ್ಯಾನರ್, ಚುನಾವಣೆ, ಎಲ್ಲಾ. ಚಾಕ್ ಪುಡಿ ಹಚ್ಚಿದ ದಾರ ಎಳೆದು ಬಿಟ್ಟರೆ ಗೋಡೆ ಮೇಲೆ ನೇರ ಗೆರೆ ಬೀಳುತ್ತಿತ್ತು. ಎಡಗೈಲಿ ಒಂದು ಕೋಲು, ಅದರ ತುದಿಗೆ ಬಟ್ಟೆ ಉಂಡೆ. ಬಲಗೈ ಅದರ ಮೇಲೆ ಊರಿ, ಅಳಿಲು ಕೂದಲಿನ ಕುಂಚದಿಂದ ಒಂದೇ ಉಸಿರಿಗೆ ‘ಶ್ರೀ’ ಬರೆಯಬೇಕು. ನಡುವೆ ಕೈ ಎತ್ತಿದರೆ ಅಲ್ಲೊಂದು ಗಂಟು ಉಳಿಯುತ್ತಿತ್ತು. ನಮ್ಮ ಗುರುಗಳು ಆ ಗಂಟು ನೋಡಿಯೇ ಯಾರು ಬರೆದದ್ದು ಅಂತ ಹೇಳುತ್ತಿದ್ದರು.

ಆಮೇಲೆ ಫ್ಲೆಕ್ಸ್ ಬಂತು ನೋಡ್ರಿ. ಒಂದು ರಾತ್ರಿಯಲ್ಲಿ ಇಪ್ಪತ್ತು ಬ್ಯಾನರ್. ನಮ್ಮನ್ನು ಕರೆಯೋರೇ ಇಲ್ಲ. ಇಪ್ಪತ್ತೈದು ವರ್ಷದಿಂದ ಬರುತ್ತಿದ್ದ ಗಿರಾಕಿ ಒಬ್ಬರು, "ಇನ್ನ ಮಶೀನ ಮಾಡತೈತಿ, ನೀ ಯಾಕ ಬೇಕು" ಅಂದರು. ನಿನಗೆ ಈಗ ಅಂದ ಮಾತೇ ಅದು. ನನಗೆ ಆಗಿನ ಸಂಕಟ ಇನ್ನೂ ನೆನಪಿದೆ. ನಲವತ್ತು ದಾಟಿದ ಮೇಲೆ ಮಗನ ವಯಸ್ಸಿನ ಹುಡುಗರ ಪಕ್ಕ ಕೂತು ಕೋರೆಲ್ ಡ್ರಾ ಸಾಫ್ಟ್‌ವೇರ್ ಕಲಿತೆ. ಮೊದಮೊದಲು ಮೌಸ್ ಹಿಡಿದರೆ ಬೆವರು ಬರುತ್ತಿತ್ತು. ಆದರೆ ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು, ತಲೆಕಟ್ಟು ಎಲ್ಲಿ ಬಾಗಬೇಕು ಅನ್ನೋದು ಆ ಹುಡುಗರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದರ ಮೇಲೇ ಮತ್ತೆ ಅನ್ನ ಹುಟ್ಟಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಒಂದಿಷ್ಟು ದಿನ ಬಟ್ಟೆ ಬ್ಯಾನರ್ ಕೇಳಿಕೊಂಡು ಜನ ಬಂದರು. ಈಗ ಕೆಫೆಗಳ ಹುಡುಗರು ಕೈಬರಹದ ಬೋರ್ಡ್ ಬೇಕು ಅಂತ ಹುಡುಕಿಕೊಂಡು ಬರುತ್ತಾರೆ. ಟ್ಯಾಬ್ಲೆಟ್‌ನಲ್ಲಿ ಬರೆದು ತೋರಿಸುತ್ತೇನೆ, ಒಪ್ಪಿದರೆ ಗೋಡೆ ಮೇಲೆ ಕುಂಚ.

ಮಣಿಕಟ್ಟು ನೋಡಿಕೋ ತಂಗಿ. ದಿನಕ್ಕೆ ಎಂಟು ಗಂಟೆ ಸಣ್ಣ ಟ್ಯಾಬ್ಲೆಟ್ ಮೇಲೆ ಬರೀ ಮಣಿಕಟ್ಟು ತಿರುಗಿಸಿದರೆ ಬೆರಳು ಜೋಮು ಹಿಡಿಯುತ್ತದೆ. ನನಗೆ ಹಿಡಿದು, ಎರಡು ತಿಂಗಳು ಕೆಲಸ ನಿಂತಿತ್ತು. ಉದ್ದ ಗೆರೆಯನ್ನು ಭುಜದಿಂದ ಎಳಿ, ಬೋರ್ಡ್ ಬರೆಯುವವರ ಹಾಗೆ. ಬೆರಳು ಜೋಮು ಬಂದರೆ ಎಣ್ಣೆ ತಿಕ್ಕಿ ಸುಮ್ನೆ ಇರಬೇಡ, ಡಾಕ್ಟರ ಹತ್ತಿರ ಹೋಗು.

ಗೆರೆಬಳ್ಳಿ (ಸಾಗರ)

ಅಣ್ಣ, ಇದನ್ನು ಓದುತ್ತಾ ಕಣ್ಣು ತುಂಬಿ ಬಂತು. ಭುಜದಿಂದ ಗೆರೆ ಅನ್ನೋ ಮಾತನ್ನು ಇವತ್ತಿಂದಲೇ ಪಾಲಿಸುತ್ತೇನೆ.

ಕಾಂಗರೂನಾಡಿನ ಕನ್ನಡತಿ (ಮೆಲ್ಬರ್ನ್)

ನಾನು ಚಿತ್ರ ಬರೆಸಿಕೊಂಡವಳು. ಇಲ್ಲಿ ಭಾನುವಾರದ ಕನ್ನಡ ಶಾಲೆಯ ಮಕ್ಕಳಿಗೆ ವರ್ಣಮಾಲೆಯ ಚಾರ್ಟ್ ಬೇಕಿತ್ತು. ಧಾರವಾಡದ ಒಬ್ಬ ಕಲಾವಿದೆಗೆ ಹೇಳಿದೆ. 49 ಅಕ್ಷರ, 49 ಚಿತ್ರ, ಸುಲಭ ಅಂದುಕೊಂಡಿದ್ದೆ. ಅವರು ಮೊದಲ ದಿನವೇ ಕೇಳಿದರು, ‘ಣ’ಗೆ ಏನು ಬಿಡಿಸಲಿ ಅಂತ. ‘ಣ’ದಿಂದ, ‘ಳ’ದಿಂದ ಶುರುವಾಗುವ ಪದ ಎಲ್ಲಿದೆ? ಆಮೇಲೆ ಅವರೇ ದಾರಿ ಹುಡುಕಿದರು. ಬಾಣ ಬಿಡಿಸಿ, ಕೆಳಗೆ ‘ಬಾಣ’ ಅಂತ ಬರೆದು ‘ಣ’ಗೆ ಮಾತ್ರ ಕೆಂಪು. ಬಳೆ ಬಿಡಿಸಿ ‘ಳೆ’ಗೆ ಮಾತ್ರ ಹಸಿರು. ‘ಙ’, ‘ಞ’ಗಳಿಗೆ ಆ ಅಕ್ಷರವನ್ನೇ ಬಲೂನಿನ ಹಾಗೆ ಹಿಡಿದ ಎರಡು ಮಕ್ಕಳು. ಈಗ ನಮ್ಮ ಶಾಲೆಯ ಮಕ್ಕಳಿಗೆ ಅತಿ ಇಷ್ಟ ಆ ಎರಡು ಚಿತ್ರವೇ.

ದುಡ್ಡು ಕೊಟ್ಟವಳು ನಾನು, ಆದರೆ ಯೋಚನೆ ಅವರದು. ರಫ್ ಹಂತದಲ್ಲೇ ಎಲ್ಲ ಹೇಳಿಬಿಡಿ, ಆಮೇಲೆ ಹೇಳಿದರೆ ನನಗೆ ಮೂರು ಪಟ್ಟು ಕೆಲಸ ಅಂತ ಅವರು ಮೊದಲೇ ತಿಳಿಸಿ ಹೇಳಿದ್ದರು. ಹಾಗೆ ಹೇಳಿದ್ದು ನನಗೇ ಒಳ್ಳೆಯದಾಯಿತು. ಬರೆಸಿಕೊಳ್ಳುವ ನಮ್ಮಂಥವರಿಗೆ ನಿಜವಾಗಿ ಗೊತ್ತಿರುವುದಿಲ್ಲ, ಹೇಳಿಕೊಡಿ.

ಬಳಪ_22

ಗೆರೆಬಳ್ಳಿ ಅಕ್ಕ, ನಿಮ್ಮ ರಾತ್ರಿಯ ಚಿತ್ರಗಳ ಬಗ್ಗೆ ನೀವು ಹೇಳಲೇ ಇಲ್ಲ.

ಗೆರೆಬಳ್ಳಿ (ಸಾಗರ)

ಕೇಳಿದ್ದಕ್ಕೆ ಖುಷಿಯಾಯಿತು ತಮ್ಮ. ಉದ್ದ ಆಗುತ್ತದೆ, ಓದು.

ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬರೆಯುವವರು ಹೆಂಗಸರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ಗಿಡದ ನಾರು. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ, ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ. ಪಕ್ಕದ ಮನೆಯ ದೊಡ್ಡಮ್ಮ ಬರೆಯೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸ್ಕೇಲಿಲ್ಲ, ಅಳಿಸುವುದಿಲ್ಲ. ನಾರನ್ನು ಬಣ್ಣಕ್ಕೆ ಅದ್ದಿ, ಗೋಡೆಗೆ ಮಲಗಿಸಿದ ಹಾಗೆ ಇಟ್ಟು ಎಳೆಯುತ್ತಾರೆ.

ಆ ಗೆರೆಯನ್ನು ಸಾಫ್ಟ್‌ವೇರಿನ ಯಾವ ಕುಂಚದಲ್ಲೂ ತರಲು ಆಗಲಿಲ್ಲ. ಎರಡು ವರ್ಷದ ಹಿಂದೆ ಅವರ ಹತ್ತಿರ ಒಂದು ಹಿಡಿ ಪುಂಡಿ ನಾರು ಇಸಿದುಕೊಂಡು ಬಂದೆ. ಕಪ್ಪು ಶಾಯಿಗೆ ಅದ್ದಿ ಕಾಗದದ ಮೇಲೆ ನೂರಾರು ಗುರುತು ಒತ್ತಿದೆ. ಒಳ್ಳೆಯ ಹನ್ನೆರಡನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಕ್ರಿಟಾದಲ್ಲಿ ಕುಂಚದ ತುದಿ ಮಾಡಿದೆ. ಮೊದಲ ಸಲ ಗೆರೆ ಮಣಿ ಪೋಣಿಸಿದ ಹಾಗೆ ಬಂತು. ಗುರುತುಗಳ ನಡುವಿನ ಅಂತರ ತಗ್ಗಿಸಿದ ಮೇಲೆ ಕೂಡಿಕೊಂಡಿತು. ಆದರೂ ಅದು ಪುಂಡಿ ನಾರಿನ ಗೆರೆ ಆಗಿರಲಿಲ್ಲ. ಯಾಕೆ ಅಂತ ತಿಂಗಳುಗಟ್ಟಲೆ ತಿಳಿಯಲಿಲ್ಲ.

ಒಂದು ದಿನ ದೊಡ್ಡಮ್ಮನನ್ನೇ ಕರೆದು ಕೂರಿಸಿದೆ. ಪೆನ್ನು ತಿರುಗಿಸಿ ನೋಡಿದರು. "ಇದಕ್ಕೆ ಬಣ್ಣ ಅದ್ದೋದು ಬ್ಯಾಡವಾ?" ಅಂದರು. ಬೇಡ ಅಂದೆ. ಒಂದು ಗೆರೆ ಎಳೆದರು, ಇನ್ನೊಂದು ಎಳೆದರು. ಆಮೇಲೆ ಹೇಳಿದರು, "ಒತ್ತಿದರೆ ದಪ್ಪ ಆಗ್ತದಲ್ಲೇ ಇದು. ನಾರು ದಪ್ಪ ಆಗೋದಿಲ್ಲ. ಬಣ್ಣ ಮುಗೀತಾ ಬರ್ತದೆ, ಅಷ್ಟೇ." ಅಲ್ಲೇ ಇತ್ತು ತಪ್ಪು. ಒತ್ತಿದರೆ ಗೆರೆ ಅಗಲವಾಗೋ ಸೆಟ್ಟಿಂಗ್ ತೆಗೆದೆ. ಅಗಲ ಒಂದೇ, ಆದರೆ ಗೆರೆ ಉದ್ದವಾದ ಹಾಗೆ ಬಣ್ಣ ಒಣಗುತ್ತಾ ಹೋಗಿ ತುದಿಯಲ್ಲಿ ನಾರಿನ ಎಳೆ ಬಿಡಿಬಿಡಿಯಾಗಿ ಕಾಣಬೇಕು. ಹಾಗೆ ಇಟ್ಟು ಮತ್ತೆ ಪೆನ್ನು ಕೊಟ್ಟೆ. ಒಂದು ಎಳೆ ಚೌಕ ಬರೆದು, "ಹ್ಞಾ, ಈಗ ಸೈ" ಅಂದರು. ಅನ್‌ಡೂ ಮಾಡೋದು, ಅಂದರೆ ಎಳೆದ ಗೆರೆಯನ್ನು ಹಿಂದಕ್ಕೆ ತೆಗೆಯೋದು, ತೋರಿಸಿದೆ. ಬೇಡ ಅಂದರು. ತಪ್ಪಿದ ಕಡೆ ಇನ್ನೊಂದು ಎಳೆ ಸೇರಿಸಿ ಅದನ್ನೇ ಹೊಸ ವಿನ್ಯಾಸ ಮಾಡಿದರು.

ನನ್ನ ರಾತ್ರಿಯ ಚಿತ್ರಗಳೆಲ್ಲ ಆ ಕುಂಚದವು. ನಮ್ಮೂರ ಬಸ್‌ಸ್ಟ್ಯಾಂಡು, ಅಡಿಕೆ ಸುಲಿಯುವ ಹೆಂಗಸರು, ಶರಾವತಿ ಹಿನ್ನೀರಿನ ಲಾಂಚು. ಈವರೆಗೆ 17 ಆಗಿವೆ.

ಇರುಳ್‌ಕೆಲಸ (ಬೆಂಗಳೂರು)

ಇದು ತುಂಬಾ ದೊಡ್ಡ ಕೆಲಸ. ಒಂದು ಮಾತು ಮನಸ್ಸಿನಲ್ಲಿದ್ದದ್ದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಚಿತ್ತಾರ ಒಂದು ಸಮುದಾಯದ್ದು. ಅದು ಕುಂಚವಾಗಿ, ಪ್ರಿಂಟಾಗಿ ಮಾರಾಟಕ್ಕೆ ಹೋದರೆ ಅವರಿಗೆ ಏನು ಸಿಗುತ್ತದೆ?

ಗೆರೆಬಳ್ಳಿ (ಸಾಗರ)

ಕೇಳಬೇಕಾದ ಪ್ರಶ್ನೆಯೇ. ನಾನು ದೀವರವಳಲ್ಲ. ಹಾಗಾಗಿ ಹಸೆಯ ವಿನ್ಯಾಸಗಳನ್ನು ನಾನು ನಕಲು ಮಾಡುವುದಿಲ್ಲ, ಅದು ಮದುವೆ ಮನೆಯದು, ಅಲ್ಲೇ ಇರಲಿ. ನಾನು ಕಲಿತದ್ದು ಗೆರೆ. ಪ್ರತಿ ಪ್ರಿಂಟಿನ ಹಿಂದೆ ಇದು ಯಾರ ಕಲೆಯಿಂದ ಕಲಿತದ್ದು ಅಂತ ಬರೆಯುತ್ತೇನೆ. ಮಾರಿದ ದುಡ್ಡಿನಲ್ಲಿ ಮೂರನೇ ಒಂದು ಪಾಲು ದೊಡ್ಡಮ್ಮನಿಗೆ. ಅವರು ಮೊದಲು ಬೇಡ ಅಂದರು. ನೀವು ತಿದ್ದದಿದ್ದರೆ ಈ ಕುಂಚವೇ ಇಲ್ಲ ಅಂತ ಒಪ್ಪಿಸಿದೆ. ಹಸೆ ಬರೆಸಬೇಕು ಅಂತ ಯಾರಾದರೂ ಕೇಳಿದರೆ ಅವರ ಹತ್ತಿರವೇ ಕಳಿಸುತ್ತೇನೆ. ಇದು ಸಾಕಾ ಅಂತ ನನಗೆ ನಾನೇ ಇನ್ನೂ ಕೇಳಿಕೊಳ್ಳುತ್ತಿದ್ದೇನೆ.

ಕರಾರುಪತ್ರ (ಮೈಸೂರು)

ದೊಡ್ಡಮ್ಮನ ಪಾಲನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ನಂಬಿಕೆ ಇದ್ದ ಕಡೆ ಬರೆದಿಡೋದು ಇನ್ನೂ ಸುಲಭ.

ಗೆರೆಬಳ್ಳಿ (ಸಾಗರ) – ಮೂರು ವಾರದ ನಂತರ

ಸುದ್ದಿ ಹೇಳೋಣ ಅಂತ ಬಂದೆ. ಬಾಕಿಯಲ್ಲಿ ಅರ್ಧ ಬಂದಿದೆ, ಉಳಿದದ್ದಕ್ಕೆ ವಕೀಲೆ ಮೇಡಂ ಹೇಳಿದ ಹಾಗೆ ದಿನಾಂಕ ಹಾಕಿ ಮೇಲ್ ಕಳಿಸಿದ್ದೇನೆ. ಉದ್ಯಮ್ ನೋಂದಣಿ ಆಯಿತು. ಹೊಸ ಕೆಲಸ ಒಂದಕ್ಕೆ ಆ ನಾಲ್ಕು ಸಾಲು ಕಳಿಸುವಾಗ ಕೈ ನಡುಗಿತು, ಎಲ್ಲಿ ಬೇಡ ಅಂತಾರೋ ಅಂತ. ಹತ್ತು ನಿಮಿಷದಲ್ಲಿ "ಸರಿ" ಅಂತ ಬಂತು. ಸಣ್ಣಪ್ರಕಾಶಕರು ಹಿನ್ನೀರಿನ ಲಾಂಚಿನ ಚಿತ್ರವನ್ನು ಒಂದು ಕಥಾಸಂಕಲನಕ್ಕೆ ತೆಗೆದುಕೊಂಡರು. ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಚಿತ್ರಸಂತೆಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಕುಮಾರಕೃಪಾ ರಸ್ತೆಯಲ್ಲಿ ಆ ಜನಜಂಗುಳಿಯ ನಡುವೆ ದೊಡ್ಡಮ್ಮನನ್ನೂ ಒಂದು ಕುರ್ಚಿಯಲ್ಲಿ ಕೂರಿಸಬೇಕು ಅಂತ ಆಸೆ. ಎ3 ಅಳತೆಯ ಪ್ರಿಂಟ್ ಜಾಸ್ತಿ ಹೋಗುತ್ತದಾ ಎ4 ಹೋಗುತ್ತದಾ, ಹೋಗಿಬಂದವರು ಹೇಳಿ.

ಕುಂಚದ ಫೈಲ್ ಇಲ್ಲಿ ಹಾಕಿದ್ದೇನೆ. ದೊಡ್ಡಮ್ಮನ ಒಪ್ಪಿಗೆ ಇದೆ. ಬಳಸಿದವರು ‘ಪುಂಡಿ ನಾರು’ ಅನ್ನೋ ಹೆಸರು ಉಳಿಸಿ, ಅಷ್ಟು ಸಾಕು.

ಅಕ್ಷರದಂಗಡಿ (ಹುಬ್ಬಳ್ಳಿ)

ಇಳಿಸಿಕೊಂಡು ‘ಶ್ರೀ’ ಬರೆದು ನೋಡಿದೆ ತಂಗಿ. ಗೆರೆಗೆ ಜೀವ ಇದೆ. ಆದರೆ ದೊಡ್ಡ ಅಳತೆಗೆ ಇಟ್ಟರೆ ಅರ್ಧ ದಾರಿಯಲ್ಲೇ ಬಣ್ಣ ಒಣಗುತ್ತದೆ, ‘ಶ್ರೀ’ಯ ಬಾಲ ಮುಗಿಯುವುದಿಲ್ಲ. ಕುಂಚ ದೊಡ್ಡದಾದರೆ ಅದು ಕುಡಿಯುವ ಬಣ್ಣವೂ ಜಾಸ್ತಿ ಅಲ್ವಾ?

ಗೆರೆಬಳ್ಳಿ (ಸಾಗರ)

ಹೌದಲ್ಲ ಅಣ್ಣ! ನಾನು ಯಾವಾಗಲೂ ಸಣ್ಣ ಗೆರೆಯನ್ನೇ ಎಳೆದವಳು, ಹೊಳೆಯಲೇ ಇಲ್ಲ. ಇವತ್ತು ರಾತ್ರಿ ಕೂತು ಸರಿ ಮಾಡಿ ಮತ್ತೆ ಹಾಕುತ್ತೇನೆ.